“ಅದೇ ಅರಮನೆಯನ್ನ ಇನ್ನೆಷ್ಟು ಸಲ ತೆಗೀತೀರ?”

ನನ್ನ ಹೆಗಲಿನಲ್ಲಿ ಕ್ಯಾಮೆರಾ ಕಂಡ ಪರಿಚಯದವರು ಕುಶಲ ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆ ಇದು: “ಸಾರ್, ಅದೇ ಅರಮನೆಯನ್ನ ಇನ್ನೆಷ್ಟು ಸಲ ತೆಗೀತೀರ?” ಅಗ್ರಹಾರದ ನಮ್ಮ ಬೀದಿಯ ಹಿರಿಯರೊಬ್ಬರು ಇದನ್ನೇ ಸ್ವಲ್ಪ ತಿರುಗಿಸಿ ಕೇಳುತ್ತಾರೆ: “ಅಲ್ಲಪ್ಪ, ಅರಮನೆ ಎಲ್ಲಿಗಾದರೂ ಓಡಿಹೋಗುತ್ತಾ? ಇವತ್ತೂ ಹೊರಟೆಯಲ್ಲ!” ಐದು ವರ್ಷಗಳಿಂದ ವಾರಕ್ಕೆ ಎರಡು ಸಲವಾದರೂ ನಾನು ಮೈಸೂರು ಅರಮನೆಯ ಸುತ್ತ ಓಡಾಡಿ ಚಿತ್ರ ತೆಗೆಯುತ್ತಿರುವುದರಿಂದ ಈ ಪ್ರಶ್ನೆ ಸಹಜವಾದದ್ದೇ. ಬೀದಿಯಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರಿಸಲು ಆಗುತ್ತಿರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ಹಿರಿಯರ ಮಾತಿನಲ್ಲೇ ನನ್ನ ಉತ್ತರವಿದೆ. ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ, ಆದ್ದರಿಂದಲೇ ಅದನ್ನು ಹಿಡಿದುಕೊಂಡಿದ್ದೇನೆ. ಹಂಪಿಯಲ್ಲಿ ಹತ್ತು, ಆಗುಂಬೆಯಲ್ಲಿ ಹತ್ತು, ಯಾರದೋ ಮದುವೆಯಲ್ಲಿ ಐವತ್ತು ಎಂದು ತೆಗೆಯುತ್ತಾ ಹೋದರೆ, ಅವುಗಳಲ್ಲೊಂದು ಚೆನ್ನಾಗಿ ಬಂದಾಗ ಅದು ಜಾಗದ ಚೆಲುವಿನಿಂದ ಬಂತೋ, ಆ ಹೊತ್ತಿನ ಬೆಳಕಿನಿಂದ ಬಂತೋ, ನಾನು ಕಲಿತದ್ದರಿಂದ ಬಂತೋ ತಿಳಿಯುವುದೇ ಇಲ್ಲ. ಕೆಟ್ಟಾಗಲೂ ಅಷ್ಟೇ, ತಪ್ಪು ಎಲ್ಲಿತ್ತೆಂದು ಹುಡುಕಲು ದಾರಿಯಿರುವುದಿಲ್ಲ. ಕಟ್ಟಡ ಒಂದೇ ಆಗಿದ್ದರೆ ಎರಡು ಚಿತ್ರಗಳ ನಡುವಿನ ವ್ಯತ್ಯಾಸಕ್ಕೆ ಬೆಳಕು ಕಾರಣವಾಗಿರಬೇಕು, ಇಲ್ಲವೇ ನಾನು ಕಾರಣನಾಗಿರಬೇಕು. ಹೋದ ವಾರದ ಚಿತ್ರವನ್ನೂ ಈ ವಾರದ್ದನ್ನೂ ಅಕ್ಕಪಕ್ಕ ಇಟ್ಟಾಗ ನನ್ನ ತಪ್ಪು ತಾನಾಗಿ ಎದ್ದು ಕಾಣುತ್ತದೆ.

1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ನಕ್ಷೆಯಂತೆ ಕಟ್ಟಿ, 1912ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಬೂದು ಬಣ್ಣದ ಗ್ರಾನೈಟ್, ಗುಲಾಬಿ ಛಾಯೆಯ ಗುಮ್ಮಟಗಳು, 145 ಅಡಿ ಎತ್ತರದ ಗೋಪುರ ಇವೆಲ್ಲ ನಮ್ಮೂರಿನವರಿಗೆ ಕಂಡು ಕಂಡು ರೂಢಿಯಾದವು. ಚಿತ್ರ ತೆಗೆಯುವವನಿಗೆ ಇವೆಲ್ಲಕ್ಕಿಂತ ದೊಡ್ಡ ವಿಷಯವೆಂದರೆ ಅರಮನೆ ಪೂರ್ವಾಭಿಮುಖವಾಗಿದೆ ಎಂಬುದು. ಬೆಳಿಗ್ಗೆ ಅದರ ಮುಖಕ್ಕೆ ನೇರ ಬಿಸಿಲು ಬೀಳುತ್ತದೆ, ಸಂಜೆ ಸೂರ್ಯ ಅದರ ಬೆನ್ನ ಹಿಂದೆ ಇಳಿಯುತ್ತಾನೆ. ಇದು ನನಗೆ ಗೊತ್ತಿತ್ತು, ಆದರೆ ಗೊತ್ತಿದ್ದುದರ ಅರ್ಥ ತಿಳಿಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಮಧ್ಯದ ದೊಡ್ಡ ಕಮಾನಿನ ಮೇಲೆ ಗಜಲಕ್ಷ್ಮಿಯ ಶಿಲ್ಪವಿದೆ. ಚಿತ್ರ ತೆಗೆಯಲು ಬೆಳಗಿನ ಎಳೆಬಿಸಿಲೇ ಶ್ರೇಷ್ಠ, ನಡುಹಗಲಿನಲ್ಲಿ ಕ್ಯಾಮೆರಾ ಮುಟ್ಟಬಾರದು ಎಂದು ಎಲ್ಲರೂ ಹೇಳಿದ್ದನ್ನು ನಂಬಿ, ಸ್ನೇಹಿತನಿಂದ ತಂದ ಜೂಮ್ ಲೆನ್ಸ್ ಹಾಕಿಕೊಂಡು, ಪೂರ್ವದ ಜಯಮಾರ್ತಾಂಡ ದ್ವಾರದ ಬಳಿ ನಿಂತು ಹತ್ತಾರು ಬೆಳಗುಗಳಲ್ಲಿ ಆ ಶಿಲ್ಪವನ್ನು ತೆಗೆದೆ. ಬಣ್ಣವೇನೋ ಹೊನ್ನಿನಂತೆ ಬರುತ್ತಿತ್ತು, ಆದರೆ ಲಕ್ಷ್ಮಿಯೂ ಆನೆಗಳೂ ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗಿ ಕಾಣುತ್ತಿದ್ದವು. ಲೆನ್ಸ್ ಸರಿಯಿಲ್ಲವೆಂದುಕೊಂಡೆ, ಫೋಕಸ್ ತಪ್ಪಿದೆಯೆಂದುಕೊಂಡೆ. ಮಾರ್ಚ್ ತಿಂಗಳ ಒಂದು ದಿನ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು, ಟಿಕೆಟ್ ಪಡೆದು ವರಾಹ ದ್ವಾರದಿಂದ ಒಳಗೆ ಹೋದಾಗ ಗಂಟೆ ಹನ್ನೊಂದಾಗಿತ್ತು. ತಲೆಯೆತ್ತಿ ನೋಡಿದರೆ ಆನೆಗಳ ಸೊಂಡಿಲು, ದೇವಿಯ ತೋಳು, ಸುತ್ತಲಿನ ಕೆತ್ತನೆ ಎಲ್ಲವೂ ಗೋಡೆಯಿಂದ ಹೊರಗೆ ಚಾಚಿಕೊಂಡಂತೆ ತುಂಬಿಕೊಂಡಿದ್ದವು. ಬಿಸಿಲು ಈಗ ಎದುರಿನಿಂದ ಬರದೆ, ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿಯುತ್ತಿತ್ತು. ಉಬ್ಬಿನ ಪ್ರತಿಯೊಂದು ಅಂಚಿನ ಕೆಳಗೂ ಸಣ್ಣ ನೆರಳು ಬಿದ್ದಿತ್ತು. ಬೆಳಿಗ್ಗೆ ಆ ನೆರಳುಗಳು ಉಬ್ಬಿನ ಹಿಂದೆಯೇ ಅಡಗಿಬಿಡುತ್ತಿದ್ದವು.

ಬೆಳಗಿನ ಬಿಸಿಲು ಒಳ್ಳೆಯದು ಎಂಬ ಮಾತು ಸುಳ್ಳಲ್ಲ. ಯಾವುದಕ್ಕೆ ಒಳ್ಳೆಯದು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಹತ್ತಾರು ಚಪ್ಪಟೆ ಚಿತ್ರಗಳು ನನ್ನ ಬಳಿ ಇಲ್ಲದೇ ಹೋಗಿದ್ದರೆ, ಹನ್ನೊಂದು ಗಂಟೆಯ ಆ ನೋಟ ನನಗೆ ವಿಶೇಷವೆಂದು ತೋರುತ್ತಲೇ ಇರಲಿಲ್ಲ.

ದೀಪಾಲಂಕಾರದ ವಿಷಯವಂತೂ ಇನ್ನೂ ನಿಧಾನವಾಗಿ ಅರ್ಥವಾಯಿತು. ಭಾನುವಾರ ಮತ್ತು ರಜಾದಿನಗಳಲ್ಲಿ ಸಾಮಾನ್ಯವಾಗಿ ಸಂಜೆ ಏಳಕ್ಕೆ ಅರಮನೆಯ ಸುಮಾರು 97 ಸಾವಿರ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ನನ್ನ ಮೊದಲ ಚಿತ್ರಗಳು ಡಿಸೆಂಬರ್ ರಜೆಯವು. ಬಲ್ಬುಗಳ ಸಾಲು ಸುಣ್ಣದ ಪಟ್ಟಿ ಎಳೆದಂತೆ ಬೆಳ್ಳಗೆ, ಅದರ ಹಿಂದೆ ಮಸಿಯಂತಹ ಕಪ್ಪು ಆಕಾಶ, ಗುಮ್ಮಟದ ಅಂಚು ಎಲ್ಲಿ ಮುಗಿಯಿತೆಂದು ಗೊತ್ತಾಗದು. ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಅಳತೆಯಾದ ಐಎಸ್ಒವನ್ನು 100ಕ್ಕೆ, ಲೆನ್ಸಿನ ಕಿಂಡಿಯಾದ ಅಪರ್ಚರನ್ನು ಎಫ್/8ಕ್ಕೆ ಇಟ್ಟು, ಬೆಳಕು ಒಳಬರಲು ಎರಡು ಸೆಕೆಂಡು ಶಟರ್ ತೆರೆದಿದ್ದೆ. ಅರ್ಧ ಸೆಕೆಂಡಿಗೆ ಇಳಿಸಿದಾಗ ಬಲ್ಬುಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಂಡವು, ಆದರೆ ಕಲ್ಲೆಲ್ಲ ಕತ್ತಲಾಯಿತು. ಎರಡನ್ನೂ ಒಟ್ಟಿಗೆ ಹಿಡಿಯುವುದು ನನ್ನ ಕ್ಯಾಮೆರಾಕ್ಕೆ ಆಗದ ಕೆಲಸವೆಂದೇ ನಂಬಿದ್ದೆ.

ಜುಲೈಯ ಒಂದು ಭಾನುವಾರ ಮಳೆ ಬಿಡುವು ಕೊಟ್ಟಿತ್ತೆಂದು ಹೋದೆ. ಏಳಕ್ಕೆ ದೀಪ ಹತ್ತಿದಾಗ ಆಕಾಶ ಇನ್ನೂ ತಿಳಿಯಾಗಿತ್ತು. ಏಳೂ ಹತ್ತರ ಹೊತ್ತಿಗೆ ಅದು ಗಾಢ ನೀಲಿಗೆ ತಿರುಗಿತು. ಶಟರ್ ಒಂದು ಸೆಕೆಂಡು ತೆರೆದ ಎಕ್ಸ್‌ಪೋಶರ್‌ನಲ್ಲಿ ಬಲ್ಬು, ಕಲ್ಲು, ಗುಮ್ಮಟದ ಅಂಚು, ಹಿಂದಿನ ಮೋಡ ಎಲ್ಲವೂ ಬಂದವು. ಮನೆಗೆ ಬಂದು ಪಂಚಾಂಗ ತೆಗೆದು ನೋಡಿದೆ. ನಮ್ಮೂರಿನಲ್ಲಿ ನವೆಂಬರ್ ಮಧ್ಯದಲ್ಲಿ ಆರು ಗಂಟೆಗೆ ಮೊದಲೇ ಸೂರ್ಯಾಸ್ತವಾಗುತ್ತದೆ, ಜುಲೈ ಮೊದಲ ವಾರಗಳಲ್ಲಿ ಆರೂ ಮುಕ್ಕಾಲು ದಾಟಿರುತ್ತದೆ. ದೀಪ ಹತ್ತುವ ಹೊತ್ತು ಮಾತ್ರ ಏಳೇ. ಡಿಸೆಂಬರಿನಲ್ಲಿ ಕತ್ತಲು ಕವಿದ ಮೇಲೆ ಹತ್ತುವ ದೀಪಗಳು ಜುಲೈಯಲ್ಲಿ ಮುಸ್ಸಂಜೆಯ ನಡುವೆಯೇ ಹತ್ತುತ್ತವೆ, ಮತ್ತು ಪಡುವಣದ ಆ ಉಳಿದ ಬೆಳಕು ಪೂರ್ವದಲ್ಲಿ ನಿಂತವನಿಗೆ ಸರಿಯಾಗಿ ಅರಮನೆಯ ಹಿಂದೆ ಬರುತ್ತದೆ. ಪ್ರವಾಸಕ್ಕೆಂದು ಒಂದೇ ಸಂಜೆ ಬಂದವರು ಎಷ್ಟೇ ನಿಪುಣರಾಗಿದ್ದರೂ ಆ ತಿಂಗಳ ಆಕಾಶ ಕೊಟ್ಟಷ್ಟನ್ನೇ ಒಯ್ಯಬೇಕು. ಊರಿನಲ್ಲೇ ಇರುವವರಿಗೆ ಹನ್ನೆರಡು ತಿಂಗಳೂ ಇವೆ. ಈ ಅನುಕೂಲವನ್ನು ಮೈಸೂರಿನವರಾದ ನಾವು ಬಳಸಿಕೊಳ್ಳುತ್ತಿಲ್ಲವೆಂಬ ಬೇಸರ ನನಗಿದೆ.

ಹೇಗೆ ಮಾಡಬೇಕು ಎಂದು ಕೇಳುವವರಿಗೆ ಹೇಳಲು ಹೆಚ್ಚೇನಿಲ್ಲ. ಮೊದಲ ಮೂರು ತಿಂಗಳು ನಾನು ಕ್ಯಾಮೆರಾದ ಜೊತೆ ಬಂದ 18-55 ಮಿ.ಮೀ. ಜೂಮ್ ಲೆನ್ಸನ್ನು 35ಕ್ಕೆ ಇಟ್ಟು ಮತ್ತೆ ತಿರುಗಿಸಲಿಲ್ಲ. ಚೌಕಟ್ಟು ಬದಲಾಗಬೇಕಾದರೆ ಕಾಲು ಕದಲಬೇಕಿತ್ತು. ಗೋಪುರ ಹಿಂದಕ್ಕೆ ವಾಲಿದಂತೆ ಬರುವುದಕ್ಕೆ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿಯುವುದೇ ಕಾರಣವೆಂದು, ದೂರ ಹೋಗಿ ಅದನ್ನು ನೆಟ್ಟಗೆ ಹಿಡಿದರೆ ಗೋಡೆಗಳೂ ನೆಟ್ಟಗಾಗುತ್ತವೆಂದು ಹಾಗೆ ಹಿಂದೆ ಹಿಂದೆ ನಡೆಯುವಾಗಲೇ ಕಲಿತೆ. ದಿನಾಂಕ, ಗಂಟೆ, ನಿಂತ ಜಾಗ, ಮೋಡವಿತ್ತೋ ಇಲ್ಲವೋ ಎಂಬಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕೆಟ್ಟ ಚಿತ್ರಗಳನ್ನು ಅಳಿಸುವುದಿಲ್ಲ. ಇದೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ, ಏಕೆಂದರೆ ಒಳ್ಳೆಯದನ್ನು ಉಳಿಸಿ ಉಳಿದದ್ದನ್ನು ಅಂದೇ ಅಳಿಸಿಬಿಡುವ ಅಭ್ಯಾಸ ಎಷ್ಟೋ ಜನರಿಗಿದೆ. ಹಾಗೆ ಮಾಡಿದರೆ ಹೋಲಿಸಲು ಏನೂ ಉಳಿಯುವುದಿಲ್ಲ.

ಮಂಡ್ಯದ ಹುಡುಗನೊಬ್ಬ, “ನಮ್ಮೂರಲ್ಲಿ ಅರಮನೆ ಇಲ್ವಲ್ಲ ಸಾರ್” ಎಂದ. ಅರಮನೆಯೇ ಆಗಬೇಕೆಂದಿಲ್ಲ. ಮೈಷುಗರ್ ಕಾರ್ಖಾನೆಯ ಚಿಮಣಿಯಾದೀತು, ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಶ್ರೀರಂಗಪಟ್ಟಣದ ಗುಂಬಜ್ ಆದೀತು. ಗುಂಬಜಿನ ಬಿಳಿಯ ಗುಮ್ಮಟವನ್ನೂ ನುಣುಪಾದ ಕರಿಕಲ್ಲಿನ ಕಂಬಗಳನ್ನೂ ಒಂದೇ ಚಿತ್ರದಲ್ಲಿ ಸರಿಯಾಗಿ ಹಿಡಿಯಲು ಕಲಿತವನಿಗೆ ಎಕ್ಸ್‌ಪೋಶರ್ ಬಗ್ಗೆ ಬೇರೆ ಪಾಠ ಬೇಕಾಗಲಾರದು. ಮನೆಯಿಂದ ಪದೇ ಪದೇ ಹೋಗಲು ಆಗುವಂತಿರಬೇಕು, ಸುತ್ತ ನಡೆದಾಡಲು ಜಾಗವಿರಬೇಕು, ಇಷ್ಟೇ ಷರತ್ತು.

ಇಷ್ಟು ವರ್ಷಗಳಾದ ಮೇಲಾದರೂ ಮುಗಿಯಲಿಲ್ಲವೇ ಎಂದರೆ, ಇಲ್ಲ. ಮೈಸೂರು ಇರುವ ಅಕ್ಷಾಂಶದಿಂದಾಗಿ ಏಪ್ರಿಲ್ ನಾಲ್ಕನೆಯ ವಾರದಲ್ಲಿ ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಈ ಎರಡರ ನಡುವಿನ ದಿನಗಳಲ್ಲಿ ಮಾತ್ರ ನಡುಹಗಲಲ್ಲಿ ಅವನು ಉತ್ತರಕ್ಕೆ ಸರಿದಿರುತ್ತಾನೆ. ಅಂದರೆ ಬಲರಾಮ ದ್ವಾರದ ಕಡೆಗಿರುವ ಅರಮನೆಯ ಉತ್ತರದ ಗೋಡೆಯ ಮೇಲೆ, ಗಜಲಕ್ಷ್ಮಿಯ ಮೇಲೆ ಬಿದ್ದಂತಹ ಆ ಸವರುವ ಬಿಸಿಲು ಹನ್ನೆರಡೂವರೆಯ ಸುಮಾರಿಗೆ ಬೀಳುವುದು ವರ್ಷದಲ್ಲಿ ಈ ಕೆಲವು ತಿಂಗಳು ಮಾತ್ರ, ಅದರಲ್ಲೂ ಚೆನ್ನಾಗಿ ಬೀಳುವುದು ಜೂನ್ ಕೊನೆಯಲ್ಲಿ. ಆಗ ಮುಂಗಾರಿನ ಮೋಡ. ಮೂರು ಜೂನ್‌ಗಳಲ್ಲಿ ಪ್ರಯತ್ನಿಸಿದ್ದೇನೆ. ಕಳೆದ ಸಲ ಕೋಟೆ ಆಂಜನೇಯಸ್ವಾಮಿ ದೇವಸ್ಥಾನದ ಎದುರು ಒಂದು ಗಂಟೆ ಕಾದಾಗ ಐದಾರು ನಿಮಿಷ ಬಿಸಿಲು ಬಂತು, ಹನ್ನೊಂದು ಚಿತ್ರ ತೆಗೆದೆ, ಒಂದರಲ್ಲಿಯೂ ಗುಮ್ಮಟದ ಕೆಳಗಿನ ನೆರಳು ನಾನು ಅಂದುಕೊಂಡಂತೆ ಬರಲಿಲ್ಲ. ನಿಂತ ಜಾಗ ಹತ್ತು ಹೆಜ್ಜೆ ಎಡಕ್ಕೆ ಇರಬೇಕಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.