‘ಅಷ್ಟಕ್ಕೆಲ್ಲ ಆಪರೇಷನ್ ಯಾಕೆ?’ ಅಂದವರಿಗೆ

ಎರಡು ವರ್ಷದಿಂದ ಈ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಕೇಳಿದ್ದಾರೆ, ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಎಳ್ಳಮಾವಾಸ್ಯೆ ಜಾತ್ರೆಯ ನೂಕುನುಗ್ಗಲಿನಲ್ಲೂ ಕೇಳಿದ್ದಾರೆ. “ಅಷ್ಟಕ್ಕೆಲ್ಲ ಆಪರೇಷನ್ ಯಾಕೆ ಮಾಡಿಸ್ಕೊಂಡೆ? ನಾಟಿ ಔಷಧಿಯಲ್ಲೇ ಹೋಗ್ತಿತ್ತಲ್ಲ?” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದು ಹಾಕುತ್ತೇನೆ. ಇದನ್ನು ಓದಿದ ಮೇಲೂ ಅದನ್ನೇ ಕೇಳುವವರು ದಯವಿಟ್ಟು ಫೋನ್ ಮಾಡಬೇಡಿ.

ನನಗಿದ್ದದ್ದು ಮೂಲವ್ಯಾಧಿ ಅಲ್ಲ. ಗುದನಾಳದಲ್ಲಿ ಒಂದು ಪಾಲಿಪ್. ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ 12ರಿಂದ 15 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಮೂಲವ್ಯಾಧಿಯಲ್ಲಿ ಊದಿಕೊಳ್ಳುವುದು ರಕ್ತನಾಳ. ಪಾಲಿಪ್ ಹಾಗಲ್ಲ, ಕರುಳಿನ ಒಳಪದರವೇ ಒಂದು ಕಡೆ ಗಂಟಾಗಿ ಬೆಳೆಯುತ್ತದೆ. ಕೆಲವಕ್ಕೆ ತೊಟ್ಟಿರುತ್ತದೆ, ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಏಳುವ ಅಣಬೆಯ ಹಾಗೆ. ಕೆಲವು ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ. ಹೆಚ್ಚಿನವು ಯಾವ ಸುಳಿವನ್ನೂ ಕೊಡುವುದಿಲ್ಲ. ನೋವಿಲ್ಲ, ಉರಿ ಇಲ್ಲ. ನನ್ನದು ಆಗಾಗ ರಕ್ತ ಬಿಡುತ್ತಿತ್ತು. ಅದು ನನ್ನ ಪುಣ್ಯ.

ನಾಟಿ ಔಷಧಿ ತಗೊಂಡಿರಲಿಲ್ಲ ಅಂತ ಯಾರು ಹೇಳಿದರು ನಿಮಗೆ? ತಗೊಂಡಿದ್ದೆ. ಯಾವುದೋ ಬೇರನ್ನು ಅರೆದು, ಮಜ್ಜಿಗೆಯಲ್ಲಿ ಕದಡಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿದೆ. ಉಷ್ಣ ಅಂದರು, ಹಲಸಿನ ಹಣ್ಣು ಬಿಟ್ಟೆ. ಕಾಫಿ ಬಿಟ್ಟೆ. ರಕ್ತ ನಿಂತಿತು. ಔಷಧಿಯಿಂದಲೇ ನಿಂತಿತು ಅಂತ ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ. ಮೂರು ವಾರಕ್ಕೆ ಮತ್ತೆ ಬಂತು. ಪಾಲಿಪ್‌ನಿಂದ ಹೋಗುವ ರಕ್ತ ತಾನಾಗಿ ನಿಲ್ಲುತ್ತದೆ, ತಾನಾಗಿ ಶುರುವಾಗುತ್ತದೆ. ಆ ನಡುವೆ ನಾವು ಏನು ಕುಡಿದಿರುತ್ತೇವೋ ಹೆಸರು ಅದಕ್ಕೆ ಹೋಗುತ್ತದೆ. ಒಳಗಿನ ಗಂಟು ಮಾತ್ರ ಇದ್ದಲ್ಲೇ ಇರುತ್ತದೆ.

ಈಗ ಆ ‘ಅಷ್ಟಕ್ಕೆಲ್ಲ’ ಅನ್ನುವ ಮಾತಿಗೆ ಬರುತ್ತೇನೆ. ಕಳೆದ ವರ್ಷ ಅಡಿಕೆ ಸುಲಿಯುವ ಹೊತ್ತು. ನಮ್ಮ ಚಪ್ಪರದಲ್ಲಿ ಇಪ್ಪತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದರು. ದೊಡ್ಡತ್ತೆ ಒಳಗಿನಿಂದ ಬಂದವರೇ ಎಲ್ಲರಿಗೂ ಕೇಳುವ ಹಾಗೆ, “ಎಂತ ಮಾರಾಯ್ತಿ, ಅಲ್ಲಿ ಎಂಥದೋ ತೆಗೆಸಿಕೊಂಡ್ಯಂತೆ? ಎಷ್ಟು ದೊಡ್ಡದಿತ್ತು?” ಅಂದರು.

“12 ಮಿಲಿಮೀಟರ್, ದೊಡ್ಡತ್ತೆ.”

ಅವರು ಬುಟ್ಟಿಯಿಂದ ಒಂದು ಸುಲಿದ ಅಡಿಕೆ ಎತ್ತಿ ಹಿಡಿದು ನೋಡಿದರು. “ಒಂದು ಅಡಿಕೆಯಷ್ಟೂ ಇಲ್ಲ! ಅಷ್ಟಕ್ಕೆಲ್ಲ ಶಿವಮೊಗ್ಗಕ್ಕೆ ಹೋಗಿ ದುಡ್ಡು ಸುರಿಯೋದಾ?”

ಚಪ್ಪರವೆಲ್ಲ ನಕ್ಕಿತು. ನನಗೂ ನಗು ಬಂತು. ರಾತ್ರಿ ಮಲಗಿದಾಗ ಮಾತ್ರ ಸಿಟ್ಟು ಬಂತು.

ದೊಡ್ಡತ್ತೆ, ಅದು ಅಡಿಕೆಯಷ್ಟು ಆಗಲಿ ಅಂತ ಕಾಯುವ ವಸ್ತುವಲ್ಲ. ಪಾಲಿಪ್‌ಗಳಲ್ಲಿ ಬೇರೆ ಬೇರೆ ಜಾತಿ ಇವೆ. ಗುದನಾಳದಲ್ಲಿ ಕಾಣುವ ಚಿಕ್ಕ ಹೈಪರ್‌ಪ್ಲಾಸ್ಟಿಕ್ ಪಾಲಿಪ್‌ಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಮಕ್ಕಳಲ್ಲಿ ಒಂಟಿಯಾಗಿ ಬರುವುದು ಕೂಡ ರಕ್ತ ಬಿಟ್ಟು ಹೆದರಿಸುತ್ತದೆ, ಆದರೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ನನ್ನದು ಅಡಿನೋಮಾ. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಆ ದಾರಿಯಲ್ಲಿ ಹೋಗಬಹುದಾದದ್ದು. ಎಲ್ಲ ಅಡಿನೋಮಾಗಳೂ ಹೋಗುವುದಿಲ್ಲ. ಹೋಗುವುದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಬೇಕು. ಗಾತ್ರ ಹೆಚ್ಚಿದಷ್ಟೂ ಅಪಾಯ ಹೆಚ್ಚು. 10 ಮಿಲಿಮೀಟರ್ ದಾಟಿದ್ದನ್ನು ಡಾಕ್ಟರುಗಳು ಬೇರೆಯೇ ಲೆಕ್ಕದಲ್ಲಿ ಇಡುತ್ತಾರೆ. ನನ್ನದು ದಾಟಿತ್ತು.

ಆಮೇಲೆ, ನೀವೆಲ್ಲ ಅಂದುಕೊಂಡ ಹಾಗೆ ನನ್ನ ಹೊಟ್ಟೆ ಕೊಯ್ದಿಲ್ಲ. ಹಿಂದಿನ ದಿನ ಬರೀ ಗಂಜಿ ತಿಳಿ, ಎಳನೀರು. ಸಂಜೆಯಿಂದ ಹೊಟ್ಟೆ ತೊಳೆಯುವ ಪುಡಿ ಕದಡಿದ ನೀರು, ಲೀಟರ್‌ಗಟ್ಟಲೆ. ಇಡೀ ಕಥೆಯಲ್ಲಿ ಕಷ್ಟದ ಭಾಗ ಅದೊಂದೇ. ಮರುದಿನ ಮಂಪರಿನ ಇಂಜೆಕ್ಷನ್ ಕೊಟ್ಟು ಕ್ಯಾಮೆರಾ ಇರುವ ಕೊಳವೆ, ಅಂದರೆ ಕೊಲೊನೋಸ್ಕೋಪ್, ಹಾಕಿದರು. ಗಂಟು ಇದ್ದದ್ದು ಕೊನೆಯಲ್ಲಾದರೂ ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಪೂರ್ತಿ ನೋಡಿದರು. ಒಂದು ಇದ್ದಲ್ಲಿ ಇನ್ನೊಂದು ಇರಬಹುದು, ಅದಕ್ಕೆ. ಅದೇ ಕೊಳವೆಯೊಳಗಿಂದ ತಂತಿಯ ಕುಣಿಕೆ ಇಳಿಸಿ, ಪಾಲಿಪ್‌ನ ಬುಡಕ್ಕೆ ಹಾಕಿ, ಬಿಗಿದು, ಕರೆಂಟ್ ಕೊಟ್ಟು ಕತ್ತರಿಸಿದರು. ಚಪ್ಪಟೆಯಾಗಿದ್ದರೆ ಅಡಿಗೆ ಸಲೈನ್ ಚುಚ್ಚಿ ಮೇಲೆತ್ತಿ ತೆಗೆಯುತ್ತಾರಂತೆ. ಗುದನಾಳದ ದೊಡ್ಡ ಪಾಲಿಪ್‌ಗಳನ್ನೂ ಎಷ್ಟೋ ಸಲ ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ತೆಗೆಯಬಹುದು. ದೊಡ್ಡ ಕರುಳಿನ ಪಾಲಿಪ್‌ಗೆ ಹೀಗೆ ಕೊಲೊನೋಸ್ಕೋಪಿನಿಂದಲೇ ಕುಣಿಕೆ ಹಾಕಿ ತೆಗೆಯುವ ಕೆಲಸವನ್ನು 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೂಲ್ಫ್ ಮಾಡಿ ತೋರಿಸಿದರು. ಐವತ್ತು ವರ್ಷ ದಾಟಿದ ಕೆಲಸ ಇದು. ರಕ್ತಸ್ರಾವ, ಕರುಳಿಗೆ ತೂತು, ಈ ಎರಡು ಅಪಾಯಗಳಿವೆ, ಅಪರೂಪ ಅಂತ ಮೊದಲೇ ಹೇಳಿ ಸಹಿ ಹಾಕಿಸಿಕೊಂಡರು. ಎರಡು ವಾರ ಭಾರ ಎತ್ತಬೇಡಿ, ರಕ್ತ ಹೋದರೆ ತಕ್ಷಣ ಬನ್ನಿ ಅಂದರು. ಅದೇ ಸಂಜೆ ಮಂಡಗದ್ದೆ ದಾಟಿ ಮನೆಗೆ ಬರುತ್ತಿದ್ದೆ.

ಅಡಿಕೆ ಚಪ್ಪರದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವತ್ತು ಕತ್ತಲಾದ ಮೇಲೆ, ಸುಲಿಯಲು ಬಂದಿದ್ದ ಹೆಂಗಸೊಬ್ಬಳು ಹಿಂಬಾಗಿಲಿಗೆ ಬಂದಳು. ಮೂವತ್ತೈದರ ಒಳಗಿನವಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದಳು, “ಅಮ್ಮ, ರಕ್ತ ಕಂಡ ಮೇಲೆ ನೀವು ಎಷ್ಟು ದಿನ ಸುಮ್ನಿದ್ರಿ?”

ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಇದು. ಎಂಟು ತಿಂಗಳು ಸುಮ್ನಿದ್ದೆ. ಮೊದಲು ಕೊಯ್ಲು ಅಂದೆ, ಆಮೇಲೆ ಮಗಳ ಪರೀಕ್ಷೆ ಅಂದೆ. ನಿಜವಾದ ಕಾರಣ ನಾಚಿಕೆ. ಗಂಡನಿಗೂ ಹೇಳಿರಲಿಲ್ಲ. ಡಾಕ್ಟರು ಗಂಡಸಾದರೆ ಏನು ಮಾಡುವುದು ಅಂತಲೇ ರಾತ್ರಿಗಳು ಕಳೆದವು. ಕೊನೆಗೆ ನೋಡಿದವರು ಗಂಡಸೇ. ಪಕ್ಕದಲ್ಲಿ ನರ್ಸ್ ನಿಂತಿದ್ದಳು, ಮೇಲೆ ಹೊದಿಕೆ ಇತ್ತು, ಬೆರಳು ಹಾಕಿ ನೋಡುವ ಪರೀಕ್ಷೆ ಒಂದೆರಡು ನಿಮಿಷದಲ್ಲಿ ಮುಗಿಯಿತು. ಆ ಎರಡು ನಿಮಿಷಕ್ಕೆ ಹೆದರಿ ನಾನು ಎಂಟು ತಿಂಗಳು ಕಳೆದಿದ್ದೆ. ಇದನ್ನು ಅವಳಿಗೆ ಒಂದೂ ಬಿಡದೆ ಹೇಳಿದೆ. ಮಾರನೇ ವಾರ ಜೊತೆಯಲ್ಲೇ ಕರೆದುಕೊಂಡು ಹೋದೆ.

ಅವಳದು ಮೂಲವ್ಯಾಧಿಯೇ ಆಗಿತ್ತು. ದೊಡ್ಡತ್ತೆ “ನಾನು ಹೇಳ್ಲಿಲ್ವಾ?” ಅಂದರು. ಹೇಳಲಿ. ಡಾಕ್ಟರು ನೋಡಿ ಮೂಲವ್ಯಾಧಿ ಅನ್ನುವುದೂ ನಾವು ಕೂತಲ್ಲೇ ಮೂಲವ್ಯಾಧಿ ಅನ್ನುವುದೂ ಒಂದೇ ಅಲ್ಲ. ರಕ್ತ ಎರಡರಲ್ಲೂ ಕೆಂಪಗೇ ಇರುತ್ತದೆ.

ನನ್ನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ತೆಗೆದ ಮೂರು ವರ್ಷಕ್ಕೆ ಮತ್ತೆ ಕೊಲೊನೋಸ್ಕೋಪಿ. ಜೊತೆಗೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. 10 ಮಿಲಿಮೀಟರ್ ದಾಟಿದ ಅಡಿನೋಮಾ ಇದ್ದವರ ಒಡಹುಟ್ಟಿದವರು, ಮಕ್ಕಳು ಲಕ್ಷಣ ಇಲ್ಲದಿದ್ದರೂ 40ರ ಹೊತ್ತಿಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ. ತಮ್ಮನಿಗೆ 46. ಸಾಗರದಲ್ಲಿದ್ದಾನೆ. ಹೇಳಿದಾಗಲೆಲ್ಲ, “ನಂಗೆಂತ ಆಗಿದೆ ಅಕ್ಕಾ, ಗಟ್ಟಿಮುಟ್ಟಾಗಿದ್ದೀನಿ” ಅನ್ನುತ್ತಿದ್ದ. ಒಂದೂವರೆ ವರ್ಷ ಹೇಳಿದೆ. ಜಗಳವಾಡಿದೆ. ಒಂದು ಸಲ ಫೋನಿನಲ್ಲಿ ಅತ್ತೂಬಿಟ್ಟೆ.

ಮೊನ್ನೆ ಭಾನುವಾರ ಅವನೇ ಫೋನ್ ಮಾಡಿದ. ಮಳೆ, ತೋಟ, ಕೊಳೆರೋಗ ಎಲ್ಲ ಮಾತಾಡಿ, ಇಡುವ ಹೊತ್ತಿಗೆ ಕೇಳಿದ, “ಅಕ್ಕಾ, ಆ ಪುಡಿ ನೀರು ಕುಡಿಯೋಕೆ ಹೇಗಿರ್ತದೆ?”

“ಉಪ್ಪುಪ್ಪು ಇರ್ತದೆ. ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡ್ಕೊ, ನಿಧಾನ ಕುಡಿ,” ಅಂದೆ. “ಯಾವತ್ತು ಹೋಗೋದು? ನಾನೂ ಬರ್ತೀನಿ.”