‘ಆವಡ್, ತೂಕ’ ಅಂದರೆ ಒಪ್ಪಿಗೆಯಲ್ಲ

ನನ್ನ ಮೊದಲ ಪೋಸ್ಟಿಂಗ್ ಉಡುಪಿ ಜಿಲ್ಲೆಯ ಒಂದು ಗ್ರಾಮ ಪಂಚಾಯತ್‌ಗೆ. ಊರಿನ ಹೆಸರು ಬೇಡ, ಅಲ್ಲಿನವರು ಓದಿದರೆ ಹೇಗೂ ಗೊತ್ತಾಗುತ್ತದೆ. ನಾನು ದಾವಣಗೆರೆ ಕಡೆಯವಳು. ಕರಾವಳಿಯವರ ಲೆಕ್ಕದಲ್ಲಿ ‘ಘಟ್ಟದ ಮೇಲಿನವಳು’. ತುಳು ಒಂದಕ್ಷರ ಬರುತ್ತಿರಲಿಲ್ಲ. ಪಿಡಿಒ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ ಪರೀಕ್ಷೆಗೆ ಓದುವಾಗ 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ಮಾತ್ರ ಚೆನ್ನಾಗಿ ಉರು ಹೊಡೆದಿದ್ದೆ. ಸಭೆ ನಡೆಸೋದು ಏನು ಮಹಾ ಕಷ್ಟ ಅಂದುಕೊಂಡಿದ್ದೆ. ನೋಟಿಸ್ ಕೊಡು, ಹಾಜರಿ ಹಾಕಿಸು, ನಡವಳಿ (ಸಭೆಯಲ್ಲಿ ನಡೆದದ್ದರ ದಾಖಲೆ) ಬರೆ. ಮುಗೀತಲ್ಲ.

ಮೊದಲ ಪೆಟ್ಟು ನೋಟಿಸಿನಲ್ಲೇ ಬಿತ್ತು.

ಸಾಮಾನ್ಯ ಸಭೆಗೆ 7 ಪೂರ್ಣ ದಿನಗಳ ನೋಟಿಸ್ ಕೊಡಬೇಕು. ವಿಶೇಷ ಸಭೆಗಾದರೆ 3. ನಾನು 3ನೇ ತಾರೀಕು ನೋಟಿಸ್ ಕೊಟ್ಟು 10ಕ್ಕೆ ಸಭೆ ಕರೆದೆ. ಹತ್ತರಲ್ಲಿ ಮೂರು ಕಳೆದರೆ ಏಳು, ಸರಿ ಇದೆಯಲ್ಲ ಅಂತ. ಸಭೆ ಶುರುವಾಗುತ್ತಿದ್ದಂತೆ ಒಬ್ಬ ಹಿರಿಯ ಸದಸ್ಯರು ಎದ್ದು ನಿಂತರು. ನಿವೃತ್ತ ಶಿಕ್ಷಕರು, ಊರಿಗೆಲ್ಲ ಮಾಷ್ಟ್ರು. ಬೆರಳು ಮಡಚುತ್ತಾ ಎಣಿಸಿದರು. “ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು. ಆರೇ ಆಯ್ತಲ್ಲ ಮೇಡಂ?”

ಪೂರ್ಣ ದಿನ ಅಂದರೆ ನೋಟಿಸ್ ಕೊಟ್ಟ ದಿನ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಇಲ್ಲ. ನಡುವೆ ಉಳಿದದ್ದು ಮಾತ್ರ. 11ಕ್ಕೆ ಕರೆದಿದ್ದರೆ ಸರಿಯಾಗುತ್ತಿತ್ತು. ಒಂದೇ ಒಂದು ದಿನಕ್ಕೆ ಇಡೀ ಸಭೆ ಮುಂದಕ್ಕೆ ಹೋಯಿತು. ಮೇ ಕೊನೆ ಹತ್ತಿರ ಬಂದಿತ್ತು, ಮಳೆಗೆ ಮೊದಲು ಚರಂಡಿ ಹೂಳೆತ್ತುವ ಕೆಲಸಕ್ಕೆ ಮಂಜೂರಾತಿ ಬೇಕಿತ್ತು. ನನಗೆ ಮಾಷ್ಟ್ರ ಮೇಲೆ ವಿಪರೀತ ಸಿಟ್ಟು. ಊರಿನ ಕೆಲಸಕ್ಕಿಂತ ಇವರಿಗೆ ಲೆಕ್ಕ ಜಾಸ್ತಿ ಆಯ್ತಾ ಅಂತ.

ಎಷ್ಟೋ ತಿಂಗಳ ಮೇಲೆ ಚಾ ಕುಡಿಯುತ್ತಾ ಅವರೇ ಕಾರಣ ಹೇಳಿದರು. ನಾನು ಬರುವ ಮೊದಲು ಒಮ್ಮೆ ಅವರು ಮುಂಬೈಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಗಡಿಬಿಡಿಯಲ್ಲಿ ಸಭೆ ಕರೆದು, ಅವರ ವಾರ್ಡಿಗೆ ಬರಬೇಕಿದ್ದ ನೀರಿನ ಲೈನನ್ನು ಬೇರೆ ಕಡೆ ತಿರುಗಿಸಿದ್ದರಂತೆ. ವಾಪಸ್ ಬಂದಾಗ ಬಾಗಿಲ ಸಂದಿಯಲ್ಲಿ ನೋಟಿಸ್ ಇತ್ತು. “7 ದಿನ ಇದ್ದಿದ್ದರೆ ಬಸ್ಸು ಹಿಡಿದು ಬರುತ್ತಿದ್ದೆ” ಅಂದರು. ಆಮೇಲೆ ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಈಗಲೂ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚಿಯೇ ಎಣಿಸುತ್ತೇನೆ, ಕಳೆಯುವ ಲೆಕ್ಕ ಮಾಡೋದಿಲ್ಲ.

ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಅದರದ್ದು ಬೇರೆಯೇ ಕತೆ. ಕರಾವಳಿಯಲ್ಲಿ ಕೋರಂ ನಿಂತಿರುವುದು ಪಂಚಾಂಗದ ಮೇಲೆ. ಬೇಸಿಗೆಯಲ್ಲಿ ಸಭೆ ಇಟ್ಟರೆ ಮದುವೆ, ದೇವಸ್ಥಾನದ ಬ್ರಹ್ಮಕಲಶ, ದೈವದ ಕೋಲ, ನೇಮ. ಯಾರನ್ನು ಕೇಳಿದರೂ “ಇವತ್ತೊಂದು ದಿನ ಬಿಡಿ ಮಾರಾಯ್ರೆ” ಅನ್ನುತ್ತಾರೆ. ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್ ಹೊತ್ತು) ಮಾತ್ರ ಸಭಾಂಗಣ ತುಂಬಿರುತ್ತದೆ. ಶುಭಕಾರ್ಯ ಇಲ್ಲ, ಹೊರಗೆ ಜಡಿಮಳೆ, ಹೋಗುವುದಾದರೂ ಎಲ್ಲಿಗೆ? ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಕಾಯಬೇಕು, ಆಮೇಲೂ ಆಗದಿದ್ದರೆ ಸಭೆ ಮುಂದೂಡಬೇಕು ಅಂತ ಕಾನೂನು. ಒಂದು ಚಾ, ಒಂದು ಪ್ಲೇಟು ಗೋಳಿಬಜೆ, ಅರ್ಧ ಗಂಟೆ ಸರಿಯಾಗಿ ಆಗುತ್ತದೆ.

ನಾನು ಬಂದ ಹೊಸದರಲ್ಲಿ ಅಲ್ಲೊಂದು ಸುಲಭದ ದಾರಿ ಇತ್ತು. ಬಾರದ ಸದಸ್ಯರ ಮನೆಗೆ ನಡವಳಿ ಪುಸ್ತಕ ಕಳಿಸಿ ಸಹಿ ತರಿಸುವುದು. ಬಿಲ್ ಕಲೆಕ್ಟರ್ ನನ್ನನ್ನು ಕೇಳುವ ಮೊದಲೇ ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊರಟಿದ್ದ. ಒಂದು ಸಲ ನಾನೂ ಸುಮ್ನೆ ಇದ್ದೆ. ನಾಚಿಕೆಯ ವಿಷಯ, ಆದರೆ ನಿಜ. ಅದೇ ಕೊನೆ. ನಡವಳಿ ಪುಸ್ತಕ ಸ್ಕೂಟರ್ ಹತ್ತಬಾರದು. ಬಾರದವರು ಬಂದಿಲ್ಲ ಅಂತಲೇ ಇರಲಿ. ಹಾಗೆಯೇ ಸಹಿಗಳ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟು ‘ಆಮೇಲೆ ತುಂಬುವ’ ಅನ್ನುವುದೂ ಬೇಡ. ಆ ಖಾಲಿ ಜಾಗದಲ್ಲಿ ಏನು ಬೇಕಾದರೂ ಹುಟ್ಟಿಕೊಳ್ಳಬಹುದು.

ಇನ್ನು ಅಸಲಿ ವಿಷಯ.

ನಮ್ಮ ಸಭೆಯ ಮಾತು ನಡೆಯುವುದು ತುಳುವಿನಲ್ಲಿ. ನಡವಳಿ ಬರೆಯುವುದು ಕನ್ನಡದಲ್ಲಿ. ಕುಂದಾಪುರದ ಕಡೆಯಾದರೆ ಕುಂದಗನ್ನಡ, ಹೇಗೋ ನಿಭಾಯಿಸಬಹುದು. ಇಲ್ಲಿ ನನ್ನ ಪಕ್ಕ ಕೂತ ಗುಮಾಸ್ತೆ ಮೆಲ್ಲಗೆ ಅನುವಾದ ಮಾಡಬೇಕು, ನಾನು ಗೀಚಿಕೊಳ್ಳಬೇಕು. ಒಬ್ಬರು ಹತ್ತು ನಿಮಿಷ ಕೈ ಬೀಸಿ ಮಾತಾಡಿದ್ದು ನನ್ನ ಪುಸ್ತಕದಲ್ಲಿ ‘ಸದಸ್ಯರು ವಿಷಯ ಪ್ರಸ್ತಾಪಿಸಿದರು’ ಅಂತ ಮೂರು ಪದ ಆಗುತ್ತಿತ್ತು.

ಒಂದು ಸಭೆಯಲ್ಲಿ ಒಣಕಸ ಘಟಕದ ಜಾಗದ ವಿಷಯ ಬಂತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ದುಡ್ಡಿತ್ತು, ಜಾಗ ಇರಲಿಲ್ಲ. ಒಂದು ವಾರ್ಡಿನಲ್ಲಿ ಸರಕಾರಿ ಜಾಗ ಇದೆ, ಅದೇ ಆಗಲಿ ಅಂತ ಮಾತು. ಆ ವಾರ್ಡಿನ ಸದಸ್ಯರಿಗೆ ಎಲ್ಲರೂ ಅಣ್ಣ ಅನ್ನುತ್ತಿದ್ದರು. ಅಡಿಕೆ ತೋಟ ಇಟ್ಟುಕೊಂಡಿದ್ದ, ಮಾತು ಕಡಿಮೆ ಇರುವ ಮನುಷ್ಯ. ಅಧ್ಯಕ್ಷರು ಕೇಳಿದಾಗ ಅವರು ಕುರ್ಚಿಗೆ ಒರಗಿಕೊಂಡು ಎರಡೇ ಪದ ಹೇಳಿದರು. “ಆವಡ್, ತೂಕ.”

ಆವಡ್ ಅಂದರೆ ಆಗಲಿ ಅಂತ ಅಷ್ಟರಲ್ಲಿ ಕಲಿತಿದ್ದೆ. ತೂಕ ಅಂದರೆ ಕಸದ ತೂಕದ ಬಗ್ಗೆ ಏನೋ ಹೇಳುತ್ತಿದ್ದಾರೆ ಅಂದುಕೊಂಡೆ. ವಿಷಯ ಒಣಕಸದ್ದು ತಾನೆ! ಗುಮಾಸ್ತೆ ಆ ದಿನ ರಜೆ. ‘ಸದರಿ ಜಾಗದಲ್ಲಿ ಘಟಕ ನಿರ್ಮಿಸಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು’ ಅಂತ ಚಂದದ ಅಕ್ಷರದಲ್ಲಿ ಬರೆದೆ. ಪಂಚಾಯತ್‌ಗಳ ‘ಪಂಚತಂತ್ರ’ ತಂತ್ರಾಂಶಕ್ಕೂ ಏರಿಸಿದೆ.

ಮುಂದಿನ ತಿಂಗಳು ಮೊದಲನೇ ವಿಷಯ, ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು. ಹೆಚ್ಚಿನ ಕಡೆ ಇದನ್ನು ಯಾರೂ ಕೇಳಿಸಿಕೊಳ್ಳುವುದೇ ಇಲ್ಲ, ಫ್ಯಾನಿನ ಸದ್ದಿನ ಹಾಗೆ ಹೋಗಿಬಿಡುತ್ತದೆ. ಆವತ್ತು ಮಾತ್ರ ಹೊರಗೆ ಜಗಲಿಯಲ್ಲಿ ಆ ವಾರ್ಡಿನ ಜನ ಮನವಿ ಹಿಡಿದು ನಿಂತಿದ್ದರು. ನಾನು ‘ಸರ್ವಾನುಮತ’ ಅಂತ ಓದುತ್ತಿದ್ದಂತೆ ಅಣ್ಣ ಎದ್ದರು. “ನಾನು ಯಾವಾಗ ಒಪ್ಪಿದ್ದು?”

“ನೀವೇ ಆವಡ್ ಅಂದ್ರಲ್ಲ” ಅಂದೆ.

ಒಂದು ಕ್ಷಣ ಮೌನ. ಆಮೇಲೆ ಇಡೀ ಸಭೆ ನಕ್ಕಿತು. ಅಣ್ಣ ಒಬ್ಬರನ್ನು ಬಿಟ್ಟು. ಮಾಷ್ಟ್ರೇ ಬಿಡಿಸಿ ಹೇಳಿದರು. “ಆವಡ್ ಅಂದರೆ ಆಗಲಿ, ಅದು ಹೌದು. ಹಿಂದೆ ತೂಕ ಅಂತ ಉಂಟಲ್ಲ, ಅದು ನೋಡುವ ಅಂತ. ಎರಡೂ ಸೇರಿದರೆ ಈಗ ಬೇಡ, ಮತ್ತೆ ಮಾತಾಡುವ ಅಂತ ಅರ್ಥ ಮೇಡಂ.”

ನನಗೆ ನೆಲ ಬಾಯಿ ಬಿಡಬಾರದಾ ಅನಿಸಿತು. ಆ ಹೊತ್ತಿನಲ್ಲಿ ಮೂರು ಸಲಹೆ ಬಂದವು. ಪುಟ ಹರಿದು ಬೇರೆ ಬರೆಯಿರಿ ಅಂದರು ಒಬ್ಬರು. ‘ಸರ್ವಾನುಮತ’ಕ್ಕೆ ಗೀಟು ಎಳೆದು ‘ಬಹುಮತ’ ಮಾಡಿ ಅಂದರು ಇನ್ನೊಬ್ಬರು. ಒಮ್ಮೆ ಬರೆದದ್ದು ಬರೆದದ್ದೇ, ಈಗ ಏನೂ ಮಾಡಲಾಗದು ಅಂದರು ಮತ್ತೊಬ್ಬರು. ಮೂರೂ ತಪ್ಪು. ಆದ ನಿರ್ಣಯವನ್ನು ರದ್ದು ಮಾಡುವುದಕ್ಕೆ ಕಾಯ್ದೆಯಲ್ಲಿ ಬೇರೆಯೇ ದಾರಿ ಇದೆ, ಸುಲಭದ್ದಲ್ಲ. ಆದರೆ ಇಲ್ಲಿ ಸಭೆ ಮನಸ್ಸು ಬದಲಿಸುತ್ತಿರಲಿಲ್ಲ. ನಡೆದದ್ದನ್ನು ನಾನು ತಪ್ಪಾಗಿ ಬರೆದಿದ್ದೆ, ಅಷ್ಟೆ. ದೃಢೀಕರಣ ಅನ್ನುವ ಆ ಬೋರು ಹೊಡೆಸುವ ಮೊದಲ ವಿಷಯ ಇರುವುದು ಇದಕ್ಕೇ. ಹಳೆ ಪುಟ ಮುಟ್ಟಲಿಲ್ಲ. ಆ ದಿನದ ನಡವಳಿಯಲ್ಲಿ ‘ಹಿಂದಿನ ಸಭೆಯಲ್ಲಿ ಸದರಿ ವಿಷಯದ ಚರ್ಚೆ ಪೂರ್ಣವಾಗಿರಲಿಲ್ಲ, ಸರ್ವಾನುಮತ ಎಂದು ದಾಖಲಾಗಿರುವುದು ಸರಿಯಲ್ಲ’ ಎಂದು ಬರೆದು, ಈ ತಿದ್ದುಪಡಿಯೊಂದಿಗೆ ದೃಢೀಕರಿಸಿದೆವು. ವಿಷಯವನ್ನು ಮುಂದಿನ ಸಭೆಯ ಅಜೆಂಡಾಕ್ಕೆ ಹಾಕಿದೆವು.

ನಡುವೆ ಎಲ್ಲರೂ ಹೋಗಿ ಜಾಗ ನೋಡಿ ಬಂದೆವು. ಮಳೆಗೆ ಅಲ್ಲಿ ಮೊಣಕಾಲುದ್ದ ನೀರು. ಪಕ್ಕದಲ್ಲೇ ನಾಲ್ಕು ಮನೆಗಳ ಬಾವಿ. ಅಣ್ಣನ ಆ ಎರಡು ಪದದ ಹಿಂದೆ ಇದೆಲ್ಲ ಇತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮುಂದಿನ ಸಭೆಗೆ ಇನ್ನೊಂದು ಎತ್ತರದ ಜಾಗವೂ ಬಂತು, ಆದರೆ ರಸ್ತೆಗೆ ದೂರ, ಖರ್ಚು ಜಾಸ್ತಿ. ಹಾಜರಿದ್ದವರು 12 ಮಂದಿ. ಕೈ ಎತ್ತಿಸಿದೆವು. ಅಧ್ಯಕ್ಷರ ಮತವೂ ಸೇರಿ ಆರು–ಆರು. ಅಧ್ಯಕ್ಷರು ಮಹಿಳೆ, ಮೊದಲ ಸಲ ಗೆದ್ದವರು. ಪಂಚಾಯತ್‌ಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಅಂತ ಕಾನೂನಿದ್ದರೂ ಗಂಡಂದಿರು ಕಿಟಕಿ ಬಿಟ್ಟು ಹೋಗುವುದಿಲ್ಲ ಅಲ್ವಾ, ಇವರ ಯಜಮಾನರೂ ಜಗಲಿಯಿಂದ ಕಣ್ಸನ್ನೆ ಮಾಡುತ್ತಿದ್ದರು. ಅವರು ಆ ಕಡೆ ನೋಡದೆ ನನ್ನ ಕಿವಿಯಲ್ಲಿ ಕೇಳಿದರು. “ಈಗ ಎಂತ ಮಾಡುವುದು ಮೇಡಂ? ನಾನು ಇನ್ನೊಂದು ಸಲ ಹಾಕಬಹುದಾ?” ಹಾಕಬಹುದು. ಮತ ಸಮಸಮ ಆದಾಗ ಸಭೆ ನಡೆಸುವವರಿಗೆ ನಿರ್ಣಾಯಕ ಮತ ಇದೆ. ನಿಯಮ ಓದಿ ಹೇಳಿದೆ, ಯಾವ ಕಡೆ ಅಂತ ಹೇಳುವುದು ನನ್ನ ಕೆಲಸ ಅಲ್ಲ. ಅವರು ಎತ್ತರದ ಜಾಗಕ್ಕೆ ಕೈ ಎತ್ತಿದರು. ವಿರೋಧಿಸಿದವರ ಆಕ್ಷೇಪ, ಅಂದರೆ ಖರ್ಚಿನ ಮಾತು, ಅದನ್ನೂ ಹೆಸರು ಸಮೇತ ಬರೆದುಕೊಂಡೆ. ಸೋತವರ ಮಾತು ಪುಸ್ತಕದಲ್ಲಿ ಇದ್ದರೆ ಅವರು ಅರ್ಧ ಸಮಾಧಾನದಲ್ಲಿ ಮನೆಗೆ ಹೋಗುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ವಿಷಯ ಮುಗಿದ ಕೂಡಲೇ, ಮುಂದಿನದಕ್ಕೆ ಹೋಗುವ ಮೊದಲು, ನಿರ್ಣಯದ ಪೂರ್ತಿ ವಾಕ್ಯ ಗಟ್ಟಿಯಾಗಿ ಓದುತ್ತೇನೆ. ಸೂಚಕರು ಯಾರು, ಅನುಮೋದಕರು ಯಾರು, ಯಾವ ಜಾಗ, ಎಷ್ಟು ದುಡ್ಡು, ಯಾವ ಅನುದಾನ. ಶುರುವಿನಲ್ಲಿ ಎಲ್ಲರಿಗೂ ಬೇಸರ. “ಊಟಕ್ಕೆ ಹೊತ್ತಾಯ್ತು ಮಾರಾಯ್ರೆ” ಅನ್ನುವವರು. ಆದರೆ ಓದುವಾಗಲೇ ಎಷ್ಟೋ ಸಲ ಯಾರಾದರೂ ತಡೆಯುತ್ತಾರೆ. “ಹಾಗಲ್ಲ, ನಾವು ಹೇಳಿದ್ದು ದೇವಸ್ಥಾನದ ತಿರುವಿನವರೆಗೆ ಮಾತ್ರ.” ಆಗ ತಿದ್ದಿದರೆ ಒಂದು ನಿಮಿಷ. ಒಂದು ತಿಂಗಳ ನಂತರ ತಿದ್ದಬೇಕಾದರೆ ಏನಾಗುತ್ತದೆ ಅಂತ ಈಗಾಗಲೇ ಹೇಳಿದೆ.

‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಅಂತ ಅಜೆಂಡಾದ ಕೊನೆಗೆ ಒಂದು ಸಾಲು ಇರುತ್ತದಲ್ಲ, ಅದರ ಬಗ್ಗೆಯೂ ಹುಷಾರು. ಸಣ್ಣಪುಟ್ಟದ್ದಕ್ಕೆ ಸರಿ. ಜಾಗ, ದುಡ್ಡು, ಬಾಡಿಗೆ ಅಲ್ಲಿ ನುಸುಳಿ ಬಂದರೆ ಮುಂದಿನ ಸಭೆಗೆ ಹಾಕುವ ಅಂತ ನಾನೇ ಹೇಳಿಬಿಡುತ್ತೇನೆ. ನೋಟಿಸಿನಲ್ಲಿ ಇಲ್ಲದ ವಿಷಯಕ್ಕೆ 7 ದಿನದ ನೋಟಿಸ್ ಕೊಟ್ಟ ಹಾಗೆ ಆಗಲಿಲ್ಲವಲ್ಲ. ಮಾಷ್ಟ್ರ ನೀರಿನ ಲೈನ್ ನೆನಪಾಗುತ್ತದೆ.

ಬಾಡಿಗೆ ಅಂದಾಗ ಒಂದು ನೆನಪು. ಪಂಚಾಯತ್ ಅಂಗಡಿ ಕೋಣೆಗಳ ಬಾಡಿಗೆ ಏರಿಸುವ ವಿಷಯ ಬಂದಾಗ ಒಬ್ಬ ಸದಸ್ಯರು ಜೋರಾಗಿ ವಿರೋಧಿಸಿದರು. ಬಡ ವ್ಯಾಪಾರಿಗಳು, ಕೊರೋನಾ ಹೊಡೆತ, ಹೀಗೆ. ಆ ಕೋಣೆಗಳಲ್ಲಿ ಒಂದು ಅವರದ್ದೇ ಬಾಡಿಗೆಯದ್ದು! ತನ್ನ ಸ್ವಂತ ದುಡ್ಡಿನ ಲಾಭನಷ್ಟ ಇರುವ ವಿಷಯದಲ್ಲಿ ಸದಸ್ಯರು ಚರ್ಚೆಗೂ ಇಳಿಯಬಾರದು, ಮತವನ್ನೂ ಹಾಕಬಾರದು ಅಂತ ಕಾನೂನು. ಎಲ್ಲರೆದುರು ಹೇಳಿದರೆ ಮಾನ ಹೋಗುತ್ತದೆ. ಒಂದು ಚೀಟಿ ಬರೆದು ಕಳಿಸಿದೆ. ಓದಿ, ಮಡಚಿ ಕಿಸೆಗೆ ಹಾಕಿ, ಫೋನ್ ಬಂದವರ ಹಾಗೆ ಕಿವಿಗೆ ಹಿಡಿದು ಹೊರಗೆ ಹೋದರು. ಬಾಡಿಗೆ ಏರಿತು. ಅವರು ಈಗಲೂ ನನ್ನ ಹತ್ತಿರ ಚೆನ್ನಾಗಿಯೇ ಮಾತಾಡುತ್ತಾರೆ.

ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡಿನ ಸಭೆಯ ಗಲಾಟೆಯನ್ನು ಟಿವಿಯಲ್ಲಿ ನೋಡಿ ನಮ್ಮವರೂ ಒಮ್ಮೆ ಅಧ್ಯಕ್ಷರ ಮೇಜಿನ ಮುಂದೆ ನೆಲದ ಮೇಲೆ ಧರಣಿ ಕೂತದ್ದುಂಟು. ಪಾಲಿಕೆಗೆ 1976ರ ಕಾಯ್ದೆ, ಉಡುಪಿ ನಗರಸಭೆಗೆ 1964ರದ್ದು, ನಮಗೆ 1993ರದ್ದು. ನಿಯಮ ಮೂರೂ ಕಡೆ ಬೇರೆ ಬೇರೆ ಪುಸ್ತಕದಲ್ಲಿದೆ, ಅಲ್ಲಿಯ ರೂಲು ಇಲ್ಲಿ ಓದಬೇಡಿ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ನಮ್ಮ ಧರಣಿ ಐದೇ ನಿಮಿಷ ನಡೆಯಿತು. ನೆಲ ತಣ್ಣಗಿತ್ತು, ಹೆಚ್ಚಿನವರಿಗೆ ಮಂಡಿನೋವು.

ಈಗ ನನಗೆ ತುಳು ಅರ್ಥವಾಗುತ್ತದೆ, ಮಾತಾಡಿದರೆ ಮಾತ್ರ ನಗುತ್ತಾರೆ. ವರ್ಗಾವಣೆಗೆ ಮೊದಲಿನ ಕೊನೆಯ ಸಭೆಯಲ್ಲಿ ದಾರಿದೀಪದ ನಿರ್ಣಯ ಓದಿ ಮುಗಿಸಿ ಅಣ್ಣನ ಕಡೆ ತಿರುಗಿ ಕೇಳಿದೆ. “ಆವಾ, ತೂಕನಾ?”

ಅಣ್ಣ ಕನ್ನಡಕ ತೆಗೆದು ಒರೆಸಿದರು. ಇನ್ನೊಂದು ಸಲ ಓದಿ ಅಂದರು. ಓದಿದೆ.

“ಆವು,” ಅಂದರು. “ಬರೆಲೆ.”