ದಾವಣಗೆರೆಯಲ್ಲಿ ಸಿಕ್ಕ ಅಮೆರಿಕದ ಊರ ಬ್ಯಾಂಕು

ಚಿತ್ರದುರ್ಗದ ಕೋಟೆ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಲು ಕೂತಿದ್ದು ಅಲ್ಲಿಂದ ದಾವಣಗೆರೆಗೆ ಬಂದ ಮೇಲೆ, ಮಂಡಿಪೇಟೆ ಹತ್ತಿರದ ಒಂದು ಮನೆಯಲ್ಲಿ ಕಳೆದ ಮಧ್ಯಾಹ್ನದ ಬಗ್ಗೆ. ಬೆಣ್ಣೆ ದೋಸೆ ಚೆನ್ನಾಗಿತ್ತು. ಆದರೂ ನನಗೆ ನರ್ಗೀಸ್ ಮಂಡಕ್ಕಿ, ಬಿಸಿ ಮೆಣಸಿನಕಾಯಿನೇ ಜಾಸ್ತಿ ಇಷ್ಟ.

ಮನೆಯ ಯಜಮಾನರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಹಳೇ ನೋಟು ಕೂಡಿಡುವುದು ಅವರ ಹವ್ಯಾಸ. ನಿಜಾಮರ ಕಾಲದ ನೋಟು, ಆರನೇ ಜಾರ್ಜ್ ಮುಖದ ಐದು ರೂಪಾಯಿ, ಎಲ್ಲ ತೋರಿಸಿದರು. ಆಮೇಲೆ ಮಗಳು ಅಮೆರಿಕದಿಂದ ತಂದುಕೊಟ್ಟ ಹತ್ತು ಡಾಲರ್ ನೋಟನ್ನು ಮೇಜಿನ ಮೇಲಿಟ್ಟರು. 1902ರ ಸರಣಿಯದು. ಈಗಿನ ಡಾಲರ್‌ಗಿಂತ ದೊಡ್ಡದು. ಎಡಕ್ಕೆ ಅಧ್ಯಕ್ಷ ಮೆಕಿನ್ಲೆ ಮುಖ, ಒಂದು ಕಡೆ ನೀಲಿ ಮುದ್ರೆ. ನಡುವೆ ದಪ್ಪ ಅಕ್ಷರದಲ್ಲಿ ಅಯೋವಾ ರಾಜ್ಯದ ಒಂದು ಸಣ್ಣ ಊರಿನ ಬ್ಯಾಂಕಿನ ಹೆಸರು!

"ಇಲ್ನೋಡ್ರಿ, ಸಹಿ," ಅಂದರು. ಕೆಳಗೆ ಮಸಿ ಮಾಸಿದ ಎರಡು ಸಹಿ. ಒಂದು ಆ ಬ್ಯಾಂಕಿನ ಕ್ಯಾಷಿಯರ್‌ದು, ಇನ್ನೊಂದು ಅದರ ಅಧ್ಯಕ್ಷರದು. ಮೇಲಿನ ಅಂಚು ಸ್ವಲ್ಪ ಸೊಟ್ಟ. ನೋಟು ಹಾಳೆಯಾಗಿ ವಾಷಿಂಗ್ಟನ್‌ನಿಂದ ಬರುತ್ತಿತ್ತಂತೆ. ಎಷ್ಟೋ ಬ್ಯಾಂಕುಗಳಲ್ಲಿ ಸಹಿ ಹಾಕಿ ಕತ್ತರಿಯಲ್ಲೇ ಕತ್ತರಿಸುತ್ತಿದ್ದರಂತೆ.

"ಊರಿನ ಬ್ಯಾಂಕು ತಾನೇ ನೋಟು ಬಿಡಬಹುದಿತ್ತಾ?" ಅಂತ ಕೇಳಿದೆ.

"ಸುಮ್ನೆ ಬಿಡೋ ಹಂಗಿರಲಿಲ್ರಿ. ಸರ್ಕಾರದ ಸಾಲಪತ್ರ ಕೊಂಡು ಒತ್ತೆ ಇಡಬೇಕು. ಅದರ ಮೇಲೆ ನೋಟು. ಬ್ಯಾಂಕು ಮುಳುಗಿದ್ರೂ ನೋಟು ಮುಳುಗ್ತಿರಲಿಲ್ಲ."

1863ರಲ್ಲಿ ಶುರುವಾದ ಆ ಪದ್ಧತಿ 1935ರಲ್ಲಿ ನಿಂತಿತು. ನಮ್ಮ ರಿಸರ್ವ್ ಬ್ಯಾಂಕ್ ಹುಟ್ಟಿದ್ದೂ ಅದೇ ವರ್ಷ. ಸಣ್ಣ ಊರಿನ ಬ್ಯಾಂಕು ಬಿಡುತ್ತಿದ್ದ ನೋಟೇ ಕಡಿಮೆ. ಹಾಗಾಗಿ ಇವತ್ತು ಸಂಗ್ರಾಹಕರು ಮುಖಬೆಲೆಗಿಂತ ಊರಿನ ಹೆಸರನ್ನೇ ಮೊದಲು ನೋಡುತ್ತಾರೆ.

ನಮ್ಮಲ್ಲಿ ಆ ದಾರಿ 1861ರಲ್ಲೇ ಮುಚ್ಚಿತ್ತು. ಅದಕ್ಕೆ ಮೊದಲು ಬಂಗಾಳ, ಬೊಂಬಾಯಿ, ಮದ್ರಾಸ್ ಬ್ಯಾಂಕುಗಳು ನೋಟು ಬಿಡುತ್ತಿದ್ದವು. ಆಮೇಲೆ ಆ ಹಕ್ಕು ಸರ್ಕಾರದ ಕೈಗೆ ಹೋಯಿತು. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕಿನ ಹೆಸರಲ್ಲಿ ಒಂದು ನೋಟೂ ಇಲ್ಲ. 2017ರ ಏಪ್ರಿಲ್ 1ಕ್ಕೆ ಆ ಬ್ಯಾಂಕೇ ಎಸ್‌ಬಿಐ ಒಳಗೆ ಸೇರಿಹೋಯಿತು. ಇದನ್ನು ಹೇಳುವಾಗ ಯಜಮಾನರ ದನಿ ಸಣ್ಣದಾಯಿತು. ನನಗೂ ಬೇಜಾರಾಯಿತು. ನಮ್ಮ ಮನೆಯ ಮೊದಲ ಖಾತೆ ಅಲ್ಲೇ ಇದ್ದಿದ್ದು.

ಹಳೇ ನೋಟು ಕೊಳ್ಳುವವರಿಗೆ ಒಂದು ಮಾತು. ಬೇರೊಂದು ಊರಿನ ಮೇಳದಲ್ಲಿ ನನಗೆ ತೊಳೆದು ಇಸ್ತ್ರಿ ಮಾಡಿದ ನೋಟನ್ನು ಹೊಸದರಂತಿದೆ ಅಂತ ಮಾರಿದ್ದರು. ಆ ಸಿಟ್ಟು ಇನ್ನೂ ಇದೆ. ದಯವಿಟ್ಟು ಬೆಳಕಿಗೆ ಹಿಡಿದು ನೋಡಿ. ಮಡಿಕೆಯ ಗುರುತು ಇಸ್ತ್ರಿಗೆ ಪೂರ್ತಿ ಹೋಗುವುದಿಲ್ಲ, ಕಾಗದದ ಗರಿಗರಿಯೂ ಹೋಗಿರುತ್ತದೆ. ಲ್ಯಾಮಿನೇಷನ್ ಮಾಡಿದ ನೋಟಂತೂ ಬೇಡವೇ ಬೇಡ.

ಹೊರಡುವಾಗ ಯಜಮಾನರು ಬಾಗಿಲ ತನಕ ಬಂದರು. "ಮೈಸೂರು ಬ್ಯಾಂಕಿನ ಹಳೇ ಪಾಸ್ ಪುಸ್ತಕ, ಚೆಕ್ಕು ಮನ್ಯಾಗಿದ್ರೆ ರದ್ದಿಗೆ ಹಾಕಬ್ಯಾಡ್ರಿ. ನಮಗೆ ನೋಟಿಲ್ಲ, ಅದೇ ಇರೋದು." ಬಸ್ ಸ್ಟ್ಯಾಂಡಿನಿಂದಲೇ ಅಮ್ಮನಿಗೆ ಫೋನ್ ಮಾಡಿ ಟ್ರಂಕು ತೆಗೆದು ನೋಡಲು ಹೇಳಿದೆ.